ಎಂಜಿನ್ ಸದ್ದು ಮತ್ತು ಮೀನಿನ ನಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೋಣಿ, ಹಡಗು, ಬಂದರು ಕಾಮಗಾರಿ, ತೈಲಶೋಧ ಇವುಗಳ ಸದ್ದಿಗೆ ಮೀನು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ತೆರನಾದವನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಮೀನಿಗೆ ಹೊರಗಿವಿಯೇ ಇಲ್ಲ. ಅದಕ್ಕೆ ನಿಜವಾಗಿ ಸದ್ದು ಕೇಳುತ್ತದೆಯೇ, ಇಲ್ಲ ನೀರಿನ ಅಲುಗಾಟ ಮಾತ್ರ ತಿಳಿಯುತ್ತದೆಯೇ? (ಶಿವಮೊಗ್ಗ)

ಉತ್ತರ: ಮೀನಿನ ಮಟ್ಟಿಗೆ ಕೇಳುವುದೆಂದರೆ ಮೂಲತಃ ಆ ಅಲುಗಾಟವನ್ನು ಹಿಡಿಯುವುದೇ. ಕಿವಿ ತಲೆಬುರುಡೆಯೊಳಗಿದೆ. ಮೀನು ಕೊಯ್ಯುವಾಗ ತಲೆಯಲ್ಲಿ ಸಿಗುವ ಬಿಳಿ ಕಲ್ಲು ಆ ಕಿವಿಯ ಭಾಗ. ಕಲ್ಲೂರು ಜಾತಿಯ ಮೀನುಗಳಲ್ಲಿ ಅದು ಸಾಕಷ್ಟು ದೊಡ್ಡದು. ಒಂದೊಂದು ಬದಿಗೆ ಮೂರು ಕಲ್ಲುಗಳಿರುತ್ತವೆ. ಮೀನಿನ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ ಸದ್ದಿನ ಅಲೆ ಬಂದಾಗ ಮೈ ನೀರಿನ ಜೊತೆಗೇ ಅಲುಗುತ್ತದೆ. ಸುಣ್ಣದ ಆ ಕಲ್ಲು ಮೂರು ಪಟ್ಟು ಸಾಂದ್ರವಾದ್ದರಿಂದ ಹಿಂದೆ ಬೀಳುತ್ತದೆ, ಅದರಡಿಯ ರೋಮಕೋಶಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಮೈಪಕ್ಕದ ಗೆರೆಯೂ ಅಲುಗಾಟ ಹಿಡಿಯುತ್ತದೆ, ಆದರೆ ಅದರ ವ್ಯಾಪ್ತಿ ಮೈಯುದ್ದದ ಒಂದೆರಡು ಪಟ್ಟು ಮಾತ್ರ.

ಗಾಳಿಚೀಲವಿರುವ ಮೀನಿಗೆ ಇನ್ನೊಂದು ದಾರಿಯುಂಟು. ಸದ್ದಿನ ಒತ್ತಡಕ್ಕೆ ಚೀಲ ಹಿಗ್ಗಿ ಕುಗ್ಗುತ್ತದೆ, ಆ ಕಂಪನ ಕಿವಿಯನ್ನು ತಲುಪುತ್ತದೆ. ರೋಹು, ಕಾಟ್ಲಾ, ಗೆಂಡೆ, ಬೆಕ್ಕುಮೀನುಗಳಲ್ಲಿ ಚೀಲದಿಂದ ಕಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿಯೇ ಇದೆ. ಅದೇ ಗುಂಪಿನ ಗೋಲ್ಡ್‌ಫಿಶ್ 3000 ಹರ್ಟ್ಸ್ (ಸೆಕೆಂಡಿಗೆ 3000 ಕಂಪನ) ದಾಟಿಯೂ ಕೇಳಿಸಿಕೊಳ್ಳುತ್ತದೆ. ಅಂಥ ಸಂಪರ್ಕವಿಲ್ಲದ ಅಟ್ಲಾಂಟಿಕ್ ಕಾಡ್‌ನ ಮಿತಿ ಸುಮಾರು 500 ಹರ್ಟ್ಸ್. ಚೀಲವೇ ಇಲ್ಲದ ಶಾರ್ಕ್, ತೊರಕೆ, ನಂಗುಗಳಿಗೆ ಕೆಲವು ನೂರು ಹರ್ಟ್ಸ್‌ನ ತಗ್ಗು ಸದ್ದುಗಳಷ್ಟೇ ಚೆನ್ನಾಗಿ ಕೇಳುತ್ತವೆ. ಬೂತಾಯಿಯ ವಂಶದ ಕಥೆ ಬೇರೆ. ಆ ಮೀನುಗಳ ಗಾಳಿಚೀಲದಿಂದ ಎರಡು ನಳಿಕೆಗಳು ನೇರ ಕಿವಿಯ ಬಳಿಗೇ ಹೋಗುತ್ತವೆ. ಅದೇ ವಂಶದ ಅಮೆರಿಕದ ಶ್ಯಾಡ್ ಮೀನು 1,80,000 ಹರ್ಟ್ಸ್‌ವರೆಗೆ ಕೇಳುತ್ತದೆಂದು 1997ರಲ್ಲಿ ತೋರಿಸಲಾಯಿತು. ಬೇಟೆಯಾಡುವ ಡಾಲ್ಫಿನ್‌ನ ಸದ್ದು ಹಿಡಿಯಲು ಅದು ನೆರವಾಗುತ್ತಿರಬೇಕು. ಬೂತಾಯಿಯ ಹತ್ತಿರದ ಸಂಬಂಧಿಗಳ ಮಿತಿ ಮಾತ್ರ ಸುಮಾರು 4000 ಹರ್ಟ್ಸ್.

ಹಡಗು, ಟ್ರಾಲರ್, ಕಂಬ ಬಡಿಯುವ ಸುತ್ತಿಗೆ, ತೈಲಶೋಧದ ಗಾಳಿ ಫಿರಂಗಿ ಇವೆಲ್ಲದರ ಶಕ್ತಿ ಬಹುಪಾಲು 1000 ಹರ್ಟ್ಸ್‌ಗಿಂತ ಕೆಳಗಿದೆ. ಮೀನಿನ ಕಿವಿ ಚುರುಕಾಗಿರುವುದೂ ಅಲ್ಲೇ. ಮುಂದಿನ ಉತ್ತರಗಳಿಗೆಲ್ಲ ಇದೇ ತಳಪಾಯ.

ಪ್ರಶ್ನೆ: ಹಡಗಿನ ಸದ್ದು 180 ಡೆಸಿಬೆಲ್ ಎಂದು ಓದಿದೆ. ಜೆಟ್ ವಿಮಾನಕ್ಕಿಂತ ಜೋರೇ? (ತುಮಕೂರು)

ಉತ್ತರ: ಅಲ್ಲ. ಗಾಳಿಯಲ್ಲಿ ಡೆಸಿಬೆಲ್‌ನ ಸೊನ್ನೆ 20 ಮೈಕ್ರೋಪ್ಯಾಸ್ಕಲ್, ನೀರಿನಲ್ಲಿ 1 ಮೈಕ್ರೋಪ್ಯಾಸ್ಕಲ್. ಇದರಿಂದಲೇ 26 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ನೀರು ಗಾಳಿಗಿಂತ ಬಹಳ ಗಟ್ಟಿ ಮಾಧ್ಯಮವಾದ್ದರಿಂದ ಅಷ್ಟೇ ಶಕ್ತಿಯ ಸದ್ದಿಗೆ ಇನ್ನೂ ಸುಮಾರು 36 ಸೇರುತ್ತದೆ. ಶಕ್ತಿಯನ್ನು ಹೋಲಿಸಬೇಕಿದ್ದರೆ ನೀರಿನ ಅಂಕಿಯಿಂದ ಸುಮಾರು 62 ಕಳೆಯಿರಿ. ಹಡಗಿನ ಅಂಕಿ ಸಾಮಾನ್ಯವಾಗಿ 1 ಮೀಟರ್ ದೂರಕ್ಕೆ ಲೆಕ್ಕ ಹಾಕಿದ್ದು ಎಂಬುದನ್ನೂ ಮರೆಯಬೇಡಿ. ಆಳದ ನೀರಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಈ ಎರಡು ತಿದ್ದುಪಡಿ ಇಲ್ಲದೆ ಪತ್ರಿಕೆಗಳಲ್ಲಿ ಬರುವ ಹೋಲಿಕೆಗಳನ್ನು ನಂಬದಿರುವುದೇ ಒಳ್ಳೆಯದು.

ಪ್ರಶ್ನೆ: ಬೋಟಿನ ಸದ್ದಿಗೆ ಮೀನು ಕೆಳಗಿಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೊಸ ಎಂಜಿನ್‌ಗಳು ಬಂದ ಮೇಲೆ ಇದು ಹೆಚ್ಚಾಗಿದೆಯೇ? ಸದ್ದು ಕಡಿಮೆ ಮಾಡಲು ನಾವೇನು ಮಾಡಬಹುದು? (ಮಲ್ಪೆ)

ಉತ್ತರ: ಹಿರಿಯರ ಮಾತು ಸರಿ. ದೋಣಿ ಹತ್ತಿರವಾದಂತೆ ಗುಂಪು ಮೀನುಗಳು ಕೆಳಕ್ಕೂ ಪಕ್ಕಕ್ಕೂ ಸರಿಯುವುದನ್ನು ಪ್ರತಿಧ್ವನಿ ಯಂತ್ರಗಳಲ್ಲಿ ಎಷ್ಟೋ ಸಲ ದಾಖಲಿಸಲಾಗಿದೆ. ಮೆಡಿಟರೇನಿಯನ್‌ನಲ್ಲಿ ಬಲೆಯ ಆವರಣದೊಳಗಿದ್ದ ಟ್ಯೂನಾ ಮೀನುಗಳು ದೋಣಿ ಸಮೀಪಿಸಿದಾಗ ದಿಕ್ಕು ಬದಲಿಸಿ, ಮೇಲೆ ಕೆಳಗೆ ಓಡಾಡಿ, ಗುಂಪಿನ ಶಿಸ್ತನ್ನೇ ಕಳೆದುಕೊಂಡವು. ಬೈಂದೂರಿನಿಂದ ಉಳ್ಳಾಲದವರೆಗೆ ದೋಣಿಯ ಅಂಚು ಬಡಿದು ಮೀನನ್ನು ಬಲೆಗೆ ನುಗ್ಗಿಸುವವರಿಗೆ ಇದು ಹೊಸ ವಿಷಯವೂ ಅಲ್ಲ.

ಸದ್ದು ಹುಟ್ಟುವುದು ಎಲ್ಲಿ? ಮೊದಲನೆಯದು ಪ್ರೊಪೆಲ್ಲರ್‌ನ ಬಡಿತ. ಎಂಜಿನ್ 1800 ಸುತ್ತು ತಿರುಗಿ, ಗೇರ್‌ಬಾಕ್ಸ್ 4:1 ಇದ್ದರೆ ಶಾಫ್ಟ್ ನಿಮಿಷಕ್ಕೆ 450 ಸುತ್ತು, ಸೆಕೆಂಡಿಗೆ 7.5. ನಾಲ್ಕು ಎಲೆಯ ಪ್ರೊಪೆಲ್ಲರ್ ಆದರೆ 30 ಹರ್ಟ್ಸ್, ಜೊತೆಗೆ ಅದರ ಗುಣಕಗಳಾದ 60, 90, 120. ಎರಡನೆಯದು ಎಂಜಿನ್ ಕಂಪನ. ಅದು ಪೀಠದ ಮೂಲಕ ದೋಣಿಯ ಒಡಲಿಗೆ ಇಳಿದು ನೀರಿಗೆ ಸೇರುತ್ತದೆ. ಮೂರನೆಯದು, ಸಾಮಾನ್ಯವಾಗಿ ಎಲ್ಲಕ್ಕಿಂತ ಜೋರಾದದ್ದು, ಗುಳ್ಳೆ ಒಡೆತ. ಎಲೆಯ ಹಿಂಬದಿಯಲ್ಲಿ ಒತ್ತಡ ತೀರಾ ಇಳಿದಾಗ ನೀರು ಬಿಸಿಯಾಗದೆಯೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಮರುಕ್ಷಣ ಆ ಗುಳ್ಳೆ ಕುಸಿದು ಸಿಡಿಯುತ್ತದೆ. ಇದು ಒಂದು ವೇಗದ ಮಿತಿ ದಾಟಿದ ಮೇಲೆ ಶುರುವಾಗುತ್ತದೆ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಪ್ರೊಪೆಲ್ಲರ್ ನೋಡುವುದು. ಅಂಚು ಮುರಿದ, ಬಾಗಿದ, ಚಿಪ್ಪುಹುಳ ಕಟ್ಟಿದ ಎಲೆಯಲ್ಲಿ ಗುಳ್ಳೆ ಒಡೆತ ಕಡಿಮೆ ವೇಗದಲ್ಲೇ ಆರಂಭವಾಗುತ್ತದೆ. ಎಲೆಯ ಮೇಲೆ ಸಣ್ಣ ಗುಳಿಗಳು ಕಂಡರೆ ಅದು ಈಗಾಗಲೇ ನಡೆಯುತ್ತಿದೆ ಎಂದರ್ಥ. ಡೀಸೆಲ್ಲೂ ಅಲ್ಲೇ ಪೋಲಾಗುತ್ತಿದೆ. ಮೂರು ಎಲೆಗಳಲ್ಲಿ ಒಂದನ್ನು ಮಾತ್ರ ಬಡಿದು ನೇರ ಮಾಡಿದರೆ ಪಿಚ್ (ಎಲೆಯ ಓರೆ) ಏರುಪೇರಾಗಿ ಕಂಪನ ಹೆಚ್ಚುತ್ತದೆ, ಎಲ್ಲವನ್ನೂ ಒಟ್ಟಿಗೇ ಸರಿಪಡಿಸಬೇಕು. ಆಮೇಲೆ ಸ್ಟರ್ನ್ ಟ್ಯೂಬ್ ಬೇರಿಂಗ್: ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿದಾಗ ಸಡಿಲವೆನಿಸಿದರೆ ಬದಲಿಸಿ. ಎಂಜಿನ್‌ನಡಿಯ ರಬ್ಬರ್ ಮೌಂಟ್ ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ ಅದು ಇದ್ದೂ ಇಲ್ಲದಂತೆಯೇ. ಹೊಸ ದೊಡ್ಡ ಎಂಜಿನ್ ಕೂರಿಸಿ ಹಳೆಯ ಸಣ್ಣ ಪ್ರೊಪೆಲ್ಲರನ್ನೇ ಉಳಿಸಿಕೊಂಡರೆ ಸದ್ದು ಖಂಡಿತ ಏರುತ್ತದೆ. ಹೊಸ ಎಂಜಿನ್ ಬಗ್ಗೆ ನಿಮ್ಮ ಅನುಮಾನಕ್ಕೆ ಹೆಚ್ಚಿನ ಕಡೆ ಕಾರಣ ಎಂಜಿನ್‌ಗಿಂತ ಈ ಹೊಂದಾಣಿಕೆಯ ಕೊರತೆ. ಗಾಳದವರು, ಬೀಡುಬಲೆಯವರು ಜಾಗಕ್ಕೆ ಇನ್ನೂರು ಮುನ್ನೂರು ಮೀಟರ್ ಇರುವಾಗಲೇ ವೇಗ ಇಳಿಸಿ ಎಂಜಿನ್ ಆರಿಸಿ ತೇಲಿಕೊಂಡು ಹೋಗುವುದು ಲೇಸು. ಒಂದೇ ವೇಗದಲ್ಲಿ ಸಾಗುವ ಸದ್ದಿಗಿಂತ ಒಮ್ಮೆಲೇ ಗೇರ್ ಬದಲಿಸಿ ರಿವರ್ಸ್ ಕೊಡುವುದು ಹೆಚ್ಚು ಬೆಚ್ಚಿಸುತ್ತದೆ.

ಒಂದು ಎಚ್ಚರಿಕೆ. ಸದ್ದು ಇಳಿಸಿದ ಮಾತ್ರಕ್ಕೆ ಮೀನು ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಸಮೀಕ್ಷಾ ಹಡಗುಗಳು ಎಷ್ಟು ನಿಶ್ಶಬ್ದವಾಗಿರಬೇಕು ಎಂಬುದಕ್ಕೆ 1995ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಬಂತು. ಅದರಂತೆ ನಾರ್ವೆ ಕಟ್ಟಿಸಿದ ‘ಜಿ.ಒ. ಸಾರ್ಸ್’ ಹಡಗನ್ನು ಹಳೆಯ, ಸದ್ದಿನ ‘ಯೋಹಾನ್ ಯೋರ್ಟ್’ ಜೊತೆ ಹೋಲಿಸಿದಾಗ ಹೆರಿಂಗ್ ಮೀನುಗಳು ನಿಶ್ಶಬ್ದ ಹಡಗಿಗೇ ಹೆಚ್ಚು ಬೆದರಿದವು. 2007ರಲ್ಲಿ ಪ್ರಕಟವಾದ ಫಲಿತಾಂಶವಿದು. ಹಡಗಿನ ಒಡಲು ನೀರನ್ನು ತಳ್ಳುವಾಗ ಹುಟ್ಟುವ, ನಮ್ಮ ಕಿವಿಗೆ ಸಿಗದ ತೀರಾ ತಗ್ಗಿನ ಅಲುಗಾಟವನ್ನು ಆ ಮಾನದಂಡ ಅಳೆಯುವುದೇ ಇಲ್ಲ. ಮೊದಲ ಉತ್ತರದಲ್ಲಿ ಹೇಳಿದ ಕಲ್ಲು ಹಿಡಿಯುವುದು ಇಂಥದ್ದನ್ನೇ.

ಪ್ರಶ್ನೆ: ತೈಲ ಹುಡುಕುವ ಹಡಗುಗಳು ಗಾಳಿ ಫಿರಂಗಿ ಸಿಡಿಸಿದರೆ ಮೀನು ಓಡಿಹೋಗುತ್ತದಂತೆ. ಎಷ್ಟು ದೂರ, ಎಷ್ಟು ದಿನ? (ಕಾರವಾರ)

ಉತ್ತರ: ಹಡಗಿನ ಹಿಂದೆ ಎಳೆಯುವ ಉಕ್ಕಿನ ಕೋಶಗಳಲ್ಲಿ ಚದರ ಇಂಚಿಗೆ ಸುಮಾರು 2000 ಪೌಂಡ್ ಒತ್ತಡದ ಗಾಳಿ ತುಂಬಿ, ಸುಮಾರು ಹತ್ತು ಸೆಕೆಂಡಿಗೊಮ್ಮೆ ಒಟ್ಟಿಗೆ ಬಿಡುತ್ತಾರೆ. ಹಗಲು ರಾತ್ರಿ, ವಾರಗಟ್ಟಲೆ.

ಅತಿ ಸ್ಪಷ್ಟ ಅಳತೆ ಸಿಕ್ಕಿದ್ದು ಬ್ಯಾರೆಂಟ್ಸ್ ಸಮುದ್ರದಲ್ಲಿ 1992ರಲ್ಲಿ. ಸಿಡಿತ ನಡೆದ ಜಾಗ ಉದ್ದ 10, ಅಗಲ 3 ನಾಟಿಕಲ್ ಮೈಲಿ. ಅದರೊಳಗೆ ಟ್ರಾಲ್ ಬಲೆಗೆ ಬೀಳುವ ಕಾಡ್ ಮತ್ತು ಹ್ಯಾಡಕ್ ಸುಮಾರು ಶೇ. 70ರಷ್ಟು ಕುಸಿಯಿತು. 18 ನಾಟಿಕಲ್ ಮೈಲಿ, ಅಂದರೆ 33 ಕಿ.ಮೀ. ಆಚೆಗೂ ಇಳಿಕೆ ಕಂಡಿತು. ಸಿಡಿತ ನಿಂತ ಮೇಲೆ ಐದು ದಿನ ನೋಡಿದರು; ಹಿಡಿತ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಒಂದು ಪ್ರಯೋಗ ನಡೆದು, ಗಾಳಕ್ಕೆ ಬೀಳುವ ಬಂಡೆಮೀನು ಶೇ. 52ರಷ್ಟು ಇಳಿಯಿತೆಂದು 1992ರಲ್ಲೇ ವರದಿಯಾಯಿತು.

ಇನ್ನು ಇದರ ತದ್ವಿರುದ್ಧ. 2009ರಲ್ಲಿ ನಾರ್ವೆಯ ವೆಸ್ಟರೋಲನ್ ಬಳಿ ಸಮೀಕ್ಷೆ ನಡೆಯುತ್ತಿದ್ದಾಗಲೇ ಬೀಡುಬಲೆಗಳಲ್ಲಿ ಗ್ರೀನ್‌ಲ್ಯಾಂಡ್ ಹಾಲಿಬಟ್ ಶೇ. 132, ಕೆಂಪುಮೀನು ಶೇ. 86 ಹೆಚ್ಚು ಸಿಕ್ಕವು. ಉದ್ದಗಾಳದಲ್ಲಿ ಅದೇ ಹಾಲಿಬಟ್ ಶೇ. 16, ಹ್ಯಾಡಕ್ ಶೇ. 25 ಕಡಿಮೆಯಾದವು. ಮೀನು ಕಂಗಾಲಾಗಿ ಹೆಚ್ಚು ಈಜಿದರೆ ನಿಂತ ಬಲೆಗೆ ತಾನೇ ಬಂದು ಸಿಕ್ಕಿಕೊಳ್ಳುತ್ತದೆ. ಅದೇ ಮೀನು ಮೇಯುವುದು ಬಿಟ್ಟರೆ ಗಾಳದ ಎರೆಯನ್ನು ಮುಟ್ಟುವುದಿಲ್ಲ. ಹೀಗಾಗಿ ‘ಸಿಡಿತದಿಂದ ಹಿಡಿತ ಇಳಿಯುತ್ತದೆಯೇ’ ಎಂದು ಕೇಳುವುದು ಅರ್ಧ ಪ್ರಶ್ನೆ. ಯಾವ ಬಲೆ, ಯಾವ ಮೀನು ಎಂದೂ ಕೇಳಬೇಕು.

ನಷ್ಟ ತೋರಿಸಬೇಕಾದ ಸಂದರ್ಭ ಬಂದರೆ ಬಾಯಿಮಾತಿಗಿಂತ ಪುಸ್ತಕದ ಲೆಕ್ಕ ನಿಲ್ಲುತ್ತದೆ. ಸಮೀಕ್ಷೆಗೆ ಕನಿಷ್ಠ ಎರಡು ವಾರ ಮೊದಲಿನಿಂದಲೇ ದಿನಾಂಕ, ಜಿಪಿಎಸ್ ಅಂಕಿ, ಆಳ, ಬಲೆಯ ಬಗೆ ಮತ್ತು ಕಣ್ಣಿನ ಅಳತೆ, ಬಲೆ ನೀರಲ್ಲಿದ್ದ ಗಂಟೆ, ಜಾತಿವಾರು ಕಿಲೋ ಬರೆದಿಡಿ. ಗಂಟೆಗೆ ಎಷ್ಟು ಕಿಲೋ ಎಂಬುದೇ ಮುಖ್ಯ. ಒಟ್ಟು ಕಿಲೋ ಹೆಚ್ಚು ಹೊತ್ತು ದುಡಿದರೂ ಏರುತ್ತದೆ. ಸಮೀಕ್ಷೆಯಿಂದ 50 ಕಿ.ಮೀ. ದೂರದ ಒಂದು ಬಂದರಿನ ಲೆಕ್ಕವೂ ಅದೇ ದಿನಗಳದ್ದು ಬೇಕು. ಇಲ್ಲವಾದರೆ ಬೂತಾಯಿ ಕಡಿಮೆಯಾದದ್ದು ಸಿಡಿತದಿಂದಲೋ ನೀರಿನ ಬದಲಾವಣೆಯಿಂದಲೋ ಎಂದು ಎದುರಾಳಿ ಕೇಳಿದಾಗ ಉತ್ತರವಿರುವುದಿಲ್ಲ.

ಮೀನಿನ ಕಿವಿಗೂ ಪೆಟ್ಟು ಬೀಳಬಹುದು. ಆಸ್ಟ್ರೇಲಿಯಾದಲ್ಲಿ ಪಂಜರದಲ್ಲಿಟ್ಟ ಗುಲಾಬಿ ಸ್ನ್ಯಾಪರ್ ಮೀನುಗಳ ಹತ್ತಿರ ಗಾಳಿ ಫಿರಂಗಿ ಹಾಯಿಸಿದಾಗ ರೋಮಕೋಶಗಳು ಕಿತ್ತುಹೋದವು, 58 ದಿನ ಕಳೆದರೂ ಸರಿಹೋಗಿರಲಿಲ್ಲ. ಆದರೆ ಪಂಜರದ ಮೀನು ಓಡಲಾರದು, ಹೊರಗಿನದು ಓಡುತ್ತದೆ. ಈ ವ್ಯತ್ಯಾಸ ಮರೆತು ಇದನ್ನು ಉದ್ಧರಿಸುವವರು ಬಹಳ.

ಪ್ರಶ್ನೆ: ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋಗುತ್ತೇವೆ. ದೋಣಿ ಬಂದುಹೋಗುವುದರಿಂದ ಹವಳದ ಮೀನಿಗೆ ತೊಂದರೆಯೇ? ನೋಡಲು ಅವು ತಮ್ಮ ಪಾಡಿಗಿರುತ್ತವೆ. (ಬೆಂಗಳೂರು)

ಉತ್ತರ: ‘ತಮ್ಮ ಪಾಡಿಗಿರುತ್ತವೆ’ ಎಂಬುದೇ ಮೋಸ ಮಾಡುವ ನೋಟ. ಓಡದ ಮೀನಿನ ಗಮನ ಕದಡಿದ್ದು ಕಣ್ಣಿಗೆ ಕಾಣುವುದಿಲ್ಲ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ ಈ ಬಗ್ಗೆ ಸರಣಿ ಪ್ರಯೋಗಗಳು ನಡೆದಿವೆ. ಅಂಬೋನ್ ಡ್ಯಾಮ್ಸೆಲ್ ಎಂಬ ಪುಟ್ಟ ಮೀನಿನ ಮರಿಗಳನ್ನು ಡಾಟಿಬ್ಯಾಕ್ ಎಂಬ ಬೇಟೆಗಾರ ಮೀನು ತಿನ್ನುತ್ತದೆ. ಮೋಟಾರು ದೋಣಿ ಓಡಾಡುತ್ತಿರುವಾಗ ಮರಿಗಳ ಚಯಾಪಚಯ ಏರಿತು, ಆಕ್ರಮಣಕ್ಕೆ ಅವು ತಡವಾಗಿ ಬೆಚ್ಚಿದವು, ಎಷ್ಟೋ ಸಲ ಬೆಚ್ಚಲೇ ಇಲ್ಲ. ತಿನ್ನಿಸಿಕೊಂಡ ಮರಿಗಳ ಸಂಖ್ಯೆ ಇಮ್ಮಡಿಗಿಂತ ಹೆಚ್ಚಾಯಿತು. ಇದು 2016ರಲ್ಲಿ ಪ್ರಕಟವಾಯಿತು. ಬೇಟೆಗಾರನಿಗೂ ಸದ್ದು ಕೇಳುತ್ತಿತ್ತು, ಆದರೆ ಅದರ ಕೆಲಸ ಕೆಡಲಿಲ್ಲ. ಸದ್ದಿನಿಂದ ಎಲ್ಲರಿಗೂ ಸಮಾನ ನಷ್ಟ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಎಂಜಿನ್ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2018ರಲ್ಲಿ ಅದೇ ದ್ವೀಪದಲ್ಲಿ 30 ಅಶ್ವಶಕ್ತಿಯ ಟೂ-ಸ್ಟ್ರೋಕ್ ಮತ್ತು ಫೋರ್-ಸ್ಟ್ರೋಕ್ ಔಟ್‌ಬೋರ್ಡ್‌ಗಳನ್ನು ಹೋಲಿಸಿದರು. ಟೂ-ಸ್ಟ್ರೋಕ್ ಸದ್ದಿನಲ್ಲಿ ಮರಿಗಳು ಅಪಾಯವನ್ನು ಗುರುತಿಸುವುದರಲ್ಲಿ ಎಡವಿದವು. ಫೋರ್-ಸ್ಟ್ರೋಕ್‌ನಲ್ಲಿ ಪರಿಣಾಮ ಬಹಳ ಕಡಿಮೆ.

ಮರಿ ಸಾಕುವ ಮೀನುಗಳದು ಇನ್ನೂ ಸೂಕ್ಷ್ಮ. ಸ್ಪೈನಿ ಕ್ರೋಮಿಸ್ ಎಂಬ ಮೀನಿನ ತಂದೆತಾಯಿ ಮರಿಗಳನ್ನು ಕಾಯುತ್ತವೆ. ದೋಣಿ ಸದ್ದಿನ ಧ್ವನಿಮುದ್ರಣ ಕೇಳಿಸಿದ 19 ಗೂಡುಗಳಲ್ಲಿ 6ರ ಮರಿಗಳೆಲ್ಲ ಸತ್ತವು. ಸಹಜ ಸದ್ದಿನ ಗೂಡುಗಳಲ್ಲಿ ಒಂದೂ ಹಾಗೆ ನಾಶವಾಗಲಿಲ್ಲ. ಗಂಡು ಸಿಕ್ಕಸಿಕ್ಕವರನ್ನು ಅಟ್ಟಲು ಹೋಗಿ ಮರಿಗಳ ಜೊತೆ ಕಳೆಯುವ ಹೊತ್ತೇ ಕಡಿಮೆಯಾಗಿತ್ತು. ಈ ತೊಂದರೆಗೆ ಪರಿಹಾರವನ್ನೂ ಸಂಶೋಧಕರು ಪರೀಕ್ಷಿಸಿದರು. ಕೆಲವು ಹವಳದ ದಿಬ್ಬಗಳ ಸುತ್ತ 100 ಮೀಟರ್‌ನೊಳಗೆ ದೋಣಿ ಬರದಂತೆ, ಬಂದರೂ ನಿಧಾನ ಸಾಗುವಂತೆ ಇಡೀ ಸಂತಾನಕಾಲ ನೋಡಿಕೊಂಡರು. ಕಾಲ ಮುಗಿದಾಗ ಅಲ್ಲಿ ಶೇ. 65 ಗೂಡುಗಳಲ್ಲಿ ಮರಿಗಳುಳಿದಿದ್ದವು. ದೋಣಿ ಗಿಜಿಗುಡುವ ದಿಬ್ಬಗಳಲ್ಲಿ ಶೇ. 40. ಮರಿಗಳ ಗಾತ್ರವೂ ಶಾಂತ ಕಡೆ ದೊಡ್ಡದಿತ್ತು. 2022ರ ಈ ಫಲಿತಾಂಶ ನಮಗೆ ಇಷ್ಟವಾಗುವುದು ಪರಿಹಾರಕ್ಕೆ ಹಣವೇ ಬೇಡವಲ್ಲ ಎಂಬುದಕ್ಕೆ.

ನೇತ್ರಾಣಿಗೂ ಇದನ್ನೇ ಹೊಂದಿಸಬಹುದು. ಕೊನೆಯ 100 ಮೀಟರ್ ನಿಧಾನ, ದೋಣಿಯ ಹಿಂದೆ ಅಲೆ ಏಳದ ವೇಗ. ನಿಂತ ಮೇಲೆ ಎಂಜಿನ್ ಪೂರ್ತಿ ಬಂದ್, ಐಡಲ್‌ನಲ್ಲಿ ಬಿಡುವುದಲ್ಲ. ಡೈವರ್‌ಗಳನ್ನು ಎತ್ತಿಕೊಳ್ಳಲು ದಿಬ್ಬದ ಸುತ್ತ ಸುತ್ತುವ ಬದಲು ಅವರೇ ದೋಣಿಯ ಬಳಿಗೆ ಈಜಿ ಬರುವಂತೆ ಮುಂಚೆಯೇ ಜಾಗ ಗೊತ್ತುಮಾಡಿ. ಲಂಗರು ಹಾಕುವುದು ಮರಳಿನ ಮೇಲೆ. ಹವಳಕ್ಕೆ ಸರಪಳಿ ಉಜ್ಜುವುದು ಸದ್ದಿಗಿಂತ ದೊಡ್ಡ ಕೇಡು. ಟೂ-ಸ್ಟ್ರೋಕ್ ಇದ್ದರೆ ಬದಲಿಸುವಾಗ ಫೋರ್-ಸ್ಟ್ರೋಕ್ ತನ್ನಿ. ನೀರೊಳಗಿರುವ ಡೈವರ್‌ಗಳ ತಲೆಮೇಲೆ ಇನ್ನೊಂದು ದೋಣಿ ಹಾಯದಿರಲು ಇದೇ ಕ್ರಮಗಳು ನೆರವಾಗುತ್ತವೆ ಎಂಬುದು ನಿರ್ವಾಹಕರನ್ನು ಒಪ್ಪಿಸಲು ಸುಲಭದ ವಾದ.

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ಇಲ್ಲಿನ ಹೌರಾಕಿ ಕೊಲ್ಲಿ ನಿಶ್ಶಬ್ದವಾಯಿತು ಎಂದು ಸುದ್ದಿಯಾಗಿತ್ತು. ಮೀನಿಗೆ ಅದರಿಂದೇನು ಲಾಭ? (ಆಕ್ಲೆಂಡ್, ನ್ಯೂಜಿಲೆಂಡ್)

ಉತ್ತರ: ಮೊದಲ 12 ಗಂಟೆಯಲ್ಲೇ ಅಲ್ಲಿನ ಸದ್ದು ಸುಮಾರು ಮೂರನೇ ಒಂದಕ್ಕೆ ಇಳಿಯಿತು. ಮೀನು ಮತ್ತು ಡಾಲ್ಫಿನ್‌ಗಳ ದನಿ ಪರಸ್ಪರ ತಲುಪುವ ದೂರ ಶೇ. 65ರವರೆಗೆ ಹೆಚ್ಚಿತೆಂದು ಲೆಕ್ಕ ಹಾಕಿದರು. ಮೀನು ಮೂಕ ಎಂಬ ನಂಬಿಕೆ ತಪ್ಪು. ಕಲ್ಲೂರು ಗಾಳಿಚೀಲದ ಪಕ್ಕದ ಸ್ನಾಯು ಬಡಿದು ಡೋಲಿನಂತೆ ದನಿ ಮಾಡುತ್ತದೆ. ಗೋವಾದ ಗ್ರಾಂಡೆ ದ್ವೀಪದ ಬಳಿ ಮೀನುಗಳ ಸಂಜೆಯ ಸಮೂಹಗಾನವನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ದಾಖಲಿಸಿದೆ. ಸಂಗಾತಿಯನ್ನು ಕರೆಯುವ ಈ ದನಿಗಳು ಹೆಚ್ಚಾಗಿ 100ರಿಂದ 1000 ಹರ್ಟ್ಸ್ ನಡುವೆ ಇರುತ್ತವೆ. ಹಡಗಿನ ಗದ್ದಲ ಕುಳಿತಿರುವುದೂ ಅಲ್ಲೇ.

ಪ್ರಶ್ನೆ: ಬಿ.ಎಸ್‌ಸಿ. ವಿದ್ಯಾರ್ಥಿಗಳಿಂದ ಕೆರೆಯಲ್ಲಿ ದೋಣಿ ಸದ್ದು ಮತ್ತು ಮೀನಿನ ನಡವಳಿಕೆಯ ಯೋಜನೆ ಮಾಡಿಸಬೇಕು. ಕಡಿಮೆ ಖರ್ಚಿನ ಹೈಡ್ರೋಫೋನ್ (ನೀರೊಳಗಿನ ಮೈಕ್) ಮಾಡಿಕೊಳ್ಳಬಹುದೇ? ಏನು ತಪ್ಪಬಹುದು? (ಮೈಸೂರು)

ಉತ್ತರ: ಮಾಡಬಹುದು. 27 ಅಥವಾ 35 ಮಿ.ಮೀ. ಪೀಜೋ ಬಿಲ್ಲೆ (ಕಂಪನವನ್ನು ವಿದ್ಯುತ್ತಾಗಿಸುವ ಬಿಲ್ಲೆ), ಎರಡೆಳೆಯ ಶೀಲ್ಡ್ ಕೇಬಲ್, ಎಪಾಕ್ಸಿ ಸಾಕು. ಬೆಸುಗೆ ಹಾಕಿದ ಮೇಲೆ ಬಿಲ್ಲೆಯನ್ನೂ ಕೇಬಲ್‌ನ ತುದಿ ಎರಡು ಸೆಂ.ಮೀ. ಭಾಗವನ್ನೂ ಎಪಾಕ್ಸಿಯಲ್ಲಿ ಮುಳುಗಿಸಿ, ಗಾಳಿಗುಳ್ಳೆ ಉಳಿಯದಂತೆ ನಿಧಾನ ಹೊಯ್ಯಿರಿ. ಗುಳ್ಳೆ ಉಳಿದರೆ ಸೂಕ್ಷ್ಮತೆ ಬಿದ್ದುಹೋಗುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್. ಅದನ್ನು ನೇರವಾಗಿ 10 ಕಿಲೋಓಮ್ ಮೈಕ್ ಸಾಕೆಟ್‌ಗೆ ಚುಚ್ಚಿದರೆ ಅವೆರಡೂ ಸೇರಿ ಸುಮಾರು 800 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಸೋಸುಗವಾಗುತ್ತವೆ. ಮೀನು ಕೇಳುವ ಭಾಗವೇ ಮಾಯ! ವಿದ್ಯಾರ್ಥಿಗಳು ‘ಕೆರೆ ನಿಶ್ಶಬ್ದ’ ಎಂದು ಬರೆದುಕೊಂಡು ಬರುತ್ತಾರೆ. ನಡುವೆ 1 ಮೆಗಾಓಮ್ ಒಳತಡೆಯ ಎಫ್‌ಇಟಿ ಬಫರ್ (ಒಂದು ಬಗೆಯ ಟ್ರಾನ್ಸಿಸ್ಟರ್ ಸರ್ಕಿಟ್) ಹಾಕಿದರೆ ಆ ಮಿತಿ 8 ಹರ್ಟ್ಸ್‌ಗೆ ಇಳಿಯುತ್ತದೆ. ರೆಕಾರ್ಡರ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ; ಆಟೋ ಗೇನ್ ಮತ್ತು ಲೋ-ಕಟ್ ಎರಡೂ ಆಫ್. ಆಟೋ ಗೇನ್ ಇದ್ದರೆ ದೋಣಿ ಬಂದಾಗ ಅದೇ ಸದ್ದು ಇಳಿಸಿ ನಿಮ್ಮ ಹೋಲಿಕೆಯನ್ನು ಹಾಳುಮಾಡುತ್ತದೆ. ಎಂಪಿ3 ಬೇಡ. ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ ನೋಡುವಾಗ ಕಿಟಕಿ ಗಾತ್ರ 8192 ಇಟ್ಟರೆ ಸುಮಾರು 6 ಹರ್ಟ್ಸ್ ಅಂತರದ ಗೆರೆಗಳು ಬೇರೆಬೇರೆಯಾಗಿ ಕಾಣುತ್ತವೆ. 50 ಮತ್ತು 100 ಹರ್ಟ್ಸ್‌ನಲ್ಲಿ ಅಲುಗಾಡದ ಗೆರೆ ಕಂಡರೆ ಅದು ವಿದ್ಯುತ್ತಿನ ಗುಂಯ್‌ಕಾರ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ.

ಇಳಿಬಿಡುವಾಗ ಒಂದೆರಡು ಕಿಲೋ ತೂಕ ಕಟ್ಟಿ, ಹೈಡ್ರೋಫೋನನ್ನು ರಬ್ಬರ್ ಎಳೆಯಲ್ಲಿ ತೂಗಿಬಿಡಿ. ಹಗ್ಗ ದೋಣಿಯಂಚಿಗೆ ತಾಗುವ ಸದ್ದು, ಅಲೆ ಹಗ್ಗವನ್ನು ಎಳೆಯುವ ಕಂಪನ ಇವೆರಡೂ ತಗ್ಗು ಹರ್ಟ್ಸ್‌ನಲ್ಲೇ ಬರುತ್ತವೆ.

ಕೆರೆಯ ಆಳವನ್ನು ಮೊದಲು ಅಳೆಯಿರಿ. ತೆಳು ನೀರಿನಲ್ಲಿ ತಗ್ಗು ಸದ್ದು ದೂರ ಸಾಗುವುದೇ ಇಲ್ಲ. ಮರಳು ತಳ, 5 ಮೀಟರ್ ಆಳವಾದರೆ ಸುಮಾರು 180 ಹರ್ಟ್ಸ್‌ಗಿಂತ ಕೆಳಗಿನದು ಬೇಗ ಸಾಯುತ್ತದೆ. 1 ಮೀಟರ್ ಆಳದಲ್ಲಿ ಈ ಮಿತಿ ಸುಮಾರು 900. ಗಾಜಿನ ತೊಟ್ಟಿಯಲ್ಲಿ ಸ್ಪೀಕರ್ ಇಟ್ಟು ಪ್ರಯೋಗ ಮಾಡುವ ಆಸೆ ಬಿಡಿ: ಗೋಡೆಗಳೇ ಕಂಪಿಸಿ, ಒತ್ತಡ ಕಡಿಮೆ, ಕಣಚಲನೆ (ನೀರಿನ ಕಣಗಳ ಅಲುಗಾಟ) ಹೆಚ್ಚು ಎಂಬ ವಿಚಿತ್ರ ಸದ್ದು ಹುಟ್ಟುತ್ತದೆ, ಅದು ಕೆರೆಯದ್ದೂ ಅಲ್ಲ ಕಡಲಿನದ್ದೂ ಅಲ್ಲ. ಪಾಲಿಥಿನ್ ಚೀಲದಲ್ಲಿಟ್ಟ ಬ್ಲೂಟೂತ್ ಸ್ಪೀಕರಂತೂ 200 ಹರ್ಟ್ಸ್ ಕೆಳಗೆ ಏನನ್ನೂ ಹೊರಡಿಸದು. ನಿಜವಾದ ದೋಣಿಯನ್ನೇ ಬಳಸಿ.

ನಡವಳಿಕೆಗೆ ತಳದಲ್ಲಿ ಆ್ಯಕ್ಷನ್ ಕ್ಯಾಮೆರಾ ಇಟ್ಟು, ಇಳಿಸಿದ ಗಲಾಟೆ ತಣಿಯಲು ಕಾಲು ಗಂಟೆ ಬಿಟ್ಟು, ದೋಣಿಗೆ ಮೊದಲು, ದೋಣಿಯ ವೇಳೆ, ನಂತರ ತಲಾ ಎರಡು ನಿಮಿಷ ನೋಡಿ. ಎಣಿಸಬೇಕಾದದ್ದು ನಿಮಿಷಕ್ಕೆ ಎಷ್ಟು ಸಲ ಮೇವಿಗೆ ಬಾಯಿಟ್ಟಿತು, ಮರೆಯಿಂದ ಎಷ್ಟು ದೂರ ಹೋಯಿತು, ಮರೆಯಲ್ಲಿ ಎಷ್ಟು ಹೊತ್ತು ಉಳಿಯಿತು. ಅದೇ ದೋಣಿಯನ್ನು ಎಂಜಿನ್ ಆರಿಸಿ ಹುಟ್ಟುಹಾಕಿ ಹಾಯಿಸುವ ಸರದಿಯೂ ಬೇಕು. ಮೀನು ಬೆದರಿದ್ದು ಸದ್ದಿಗೋ ನೆರಳಿಗೋ ಎಂದು ಬೇರ್ಪಡಿಸಲು ಬೇರೆ ದಾರಿಯಿಲ್ಲ. ವಿಡಿಯೊ ಎಣಿಸುವವರು ಸದ್ದು ಮ್ಯೂಟ್ ಮಾಡಿ, ಯಾವ ತುಣುಕು ಯಾವುದೆಂದು ತಿಳಿಯದೆ ಎಣಿಸಲಿ. ಒಂದೇ ಜಾಗದಲ್ಲಿ ಇಪ್ಪತ್ತು ಸಲ ಮಾಡಿದರೆ ಅದು ಇಪ್ಪತ್ತು ಮಾದರಿ ಅಲ್ಲ, ಅದೇ ಹತ್ತಾರು ಮೀನುಗಳನ್ನು ಮತ್ತೆ ಮತ್ತೆ ಕೇಳಿದಂತೆ, ಜಾಗಗಳನ್ನು ಹೆಚ್ಚಿಸಿ. ಇಷ್ಟಾದರೂ ನೀವು ಅಳೆದದ್ದು ಒತ್ತಡವನ್ನು ಮಾತ್ರ, ಕಣಚಲನೆಯನ್ನಲ್ಲ ಎಂದು ವರದಿಯಲ್ಲಿ ಬರೆಸಿ.

ಪ್ರಶ್ನೆ: ಬಂದರಿನಲ್ಲಿ ಕಂಬ ಬಡಿಯುವಾಗ ಸತ್ತ ಮೀನು ತೇಲಿದರೆ ಸದ್ದೇ ಕಾರಣವೆಂದು ಹೇಗೆ ಗೊತ್ತು? ತಡೆಯುವ ಉಪಾಯವೇನು? (ಮಂಗಳೂರು)

ಉತ್ತರ: ತೇಲಿದ ಮೀನನ್ನು ಒಂದೆರಡು ಗಂಟೆಯೊಳಗೆ ಎತ್ತಿ ಮಂಜುಗಡ್ಡೆಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ. ಹೊಟ್ಟೆ ಸೀಳಿದಾಗ ಗಾಳಿಚೀಲ ಹರಿದಿದ್ದರೆ, ಮೂತ್ರಪಿಂಡ ಯಕೃತ್ತಿನ ಸುತ್ತ ರಕ್ತ ಮಡುಗಟ್ಟಿದ್ದರೆ ಒತ್ತಡದ ಪೆಟ್ಟು ಎಂದು ಶಂಕಿಸಬಹುದು. ಒಳಗೆ ಏನೂ ಆಗದೆ ಬಾಯಿ, ಕಿವಿರು ಅಗಲ ತೆರೆದು ಸತ್ತಿದ್ದರೆ ಆಮ್ಲಜನಕದ ಕೊರತೆಯೇ ಮೊದಲ ಅನುಮಾನ. ನೀರಿನ ಮಾದರಿಯನ್ನೂ ಅದೇ ಹೊತ್ತಿಗೆ ಹಿಡಿದಿಡಿ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2008ರಿಂದ ಬಳಸುವ ಮಿತಿ ಹೀಗಿದೆ: ಒಂದು ಏಟಿನ ಗರಿಷ್ಠ 206 ಡೆಸಿಬೆಲ್, ದಿನದ ಒಟ್ಟು ಸದ್ದಿನ ಮೊತ್ತ 2 ಗ್ರಾಂ ಮತ್ತು ಹೆಚ್ಚಿನ ತೂಕದ ಮೀನಿಗೆ 187, ಅದಕ್ಕಿಂತ ಚಿಕ್ಕದಕ್ಕೆ 183. ಒಟ್ಟು ಮೊತ್ತದ ಲೆಕ್ಕದಲ್ಲಿ ಏಟುಗಳ ಸಂಖ್ಯೆ ಹತ್ತು ಪಟ್ಟಾದಾಗಲೆಲ್ಲ 10 ಡೆಸಿಬೆಲ್ ಸೇರುತ್ತದೆ. ಒಂದೇಟಿಗೆ 160 ಇದ್ದರೂ ಸಾವಿರ ಏಟಿಗೆ 190 ಆಗಿ ಮಿತಿ ದಾಟಿತು. ಹಾಗಾಗಿ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲಿನಲ್ಲಿ ‘ಸದ್ದು ಎಷ್ಟು’ ಎಂದಷ್ಟೇ ಕೇಳದೆ ದಿನಕ್ಕೆ ಎಷ್ಟು ಏಟು, ಸುತ್ತಿಗೆಯ ಶಕ್ತಿ ಎಷ್ಟು, ಬಡಿಯುವ ಬದಲು ಕಂಪಿಸಿ ಇಳಿಸುವ ಯಂತ್ರ ಆಗದೇ ಎಂದು ಕೇಳಿ.

ಜರ್ಮನಿಯಲ್ಲಿ 750 ಮೀಟರ್ ದೂರದಲ್ಲಿ ಒಂದೇಟಿನ ಸದ್ದು 160 ದಾಟಬಾರದು. ಆ ನಿಯಮ ಹುಟ್ಟಿದ್ದು ಡಾಲ್ಫಿನ್‌ನಂಥ ಪಾರ್ಪಾಯಿಸ್‌ಗಳಿಗಾಗಿ, ಮೀನಿಗಾಗಿ ಅಲ್ಲ. ಆದರೂ ಅದರಿಂದಾಗಿ ಗುಳ್ಳೆಪರದೆ ಬಳಕೆಗೆ ಬಂತು. ಕಂಬದ ಸುತ್ತ ತಳದಲ್ಲಿ ರಂಧ್ರವಿರುವ ಕೊಳವೆ ಹಾಸಿ ಕಂಪ್ರೆಸರ್ ಗಾಳಿ ಬಿಟ್ಟರೆ ಏಳುವ ಗುಳ್ಳೆಗಳ ಗೋಡೆ ಸದ್ದನ್ನು ಚದುರಿಸಿ ಹೀರುತ್ತದೆ. ನದೀಮುಖದಂಥ ಸೆಳೆತವಿರುವಲ್ಲಿ ಗುಳ್ಳೆಗಳು ಪಕ್ಕಕ್ಕೆ ತೇಲಿ ಒಂದು ಬದಿ ಬಯಲಾಗುತ್ತದೆ, ಆಗ ಎರಡು ಸುತ್ತಿನ ಕೊಳವೆ ಬೇಕು. ನೆಲದೊಳಗಿಂದ ಸಾಗಿ ಆಚೆ ಮೇಲೇಳುವ ಕಂಪನವನ್ನು ಯಾವ ಪರದೆಯೂ ತಡೆಯದು. ಮೊದಲ ಏಟುಗಳನ್ನು ಮೆಲ್ಲಗೆ ಹಾಕಿ ಮೀನಿಗೆ ಓಡಲು ಬಿಡುವುದು ರೂಢಿ, ಆದರೆ ಜಾಗ ಬಿಡದೆ ಅಡಗಿ ಕೂರುವ ಮೀನಿಗೆ ಅದರಿಂದ ಲಾಭವಿಲ್ಲ.

ಪ್ರಶ್ನೆ: ಕೊಳದ ಏರೇಟರ್, ಪಂಪ್ ಸದ್ದಿಗೆ ಗೆಂಡೆಯ ಬೆಳವಣಿಗೆ ಕುಂಠಿತವಾಗುತ್ತದೆಯೇ? (ಮಂಡ್ಯ)

ಉತ್ತರ: ಏರೇಟರ್ ಆರಿಸಬೇಡಿ; ಸದ್ದಿಗಿಂತ ಬೇಗ ಕೊಲ್ಲುವುದು ಆಮ್ಲಜನಕದ ಕೊರತೆ. ರೇನ್‌ಬೋ ಟ್ರೌಟ್‌ಗಳನ್ನು ಎಂಟು ತಿಂಗಳು 150 ಡೆಸಿಬೆಲ್‌ನ ತೊಟ್ಟಿಯಲ್ಲಿ ಸಾಕಿದಾಗ ಬೆಳವಣಿಗೆಯಲ್ಲಾಗಲಿ ಉಳಿವಿನಲ್ಲಾಗಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಗೆಂಡೆಗೆ ಟ್ರೌಟ್‌ಗಿಂತ ಕಿವಿ ಚುರುಕು ಎಂಬುದು ನಿಜ. ಡೀಸೆಲ್ ಪಂಪನ್ನು ದಂಡೆಯಂಚಿನ ಕಾಂಕ್ರೀಟಿಗೆ ಬಿಗಿಯದೆ ಕೆಲವು ಮೀಟರ್ ಹಿಂದೆ ದಪ್ಪ ರಬ್ಬರ್ ಹಾಸಿನ ಮೇಲೆ ಕೂರಿಸಿ, ನೀರಿಗಿಳಿಯುವ ಕೊಳವೆಗೆ ಒಂದು ತುಂಡು ಮೆದು ಹೋಸ್ ಜೋಡಿಸಿ. ಅಷ್ಟು ಸಾಕು.

ಪ್ರಶ್ನೆ: ದಿನವೂ ಕೇಳುವ ಸದ್ದಿಗೆ ಮೀನು ಒಗ್ಗಿಕೊಳ್ಳುವುದಿಲ್ಲವೇ? (ಧಾರವಾಡ)

ಉತ್ತರ: ಸ್ವಲ್ಪಮಟ್ಟಿಗೆ ಒಗ್ಗುತ್ತದೆ. ಪೆಸಿಫಿಕ್‌ನ ಮೊರೆಯಾ ದ್ವೀಪದಲ್ಲಿ ಡ್ಯಾಸಿಲಸ್ ಮೀನುಗಳು ದೋಣಿ ಸದ್ದು ಕೇಳಿದ ಮೊದಲ ದಿನಗಳಲ್ಲಿ ಅಡಗುತ್ತಿದ್ದವು, ಒಂದೆರಡು ವಾರದಲ್ಲಿ ಅಡಗುವುದು ಕಡಿಮೆಯಾಯಿತು. ಆದರೆ ಒಗ್ಗಿದ್ದೋ ಕಿವಿ ಮಂದವಾದದ್ದೋ ಎಂದು ವಿಚಾರಿಸಬೇಕು. 170 ಡೆಸಿಬೆಲ್ ಸದ್ದಿನಲ್ಲಿ ಗೋಲ್ಡ್‌ಫಿಶ್‌ನ ಕಿವಿ ಹತ್ತೇ ನಿಮಿಷದಲ್ಲಿ ಮಂದವಾಗತೊಡಗಿತು, 24 ಗಂಟೆಗೆ 28 ಡೆಸಿಬೆಲ್‌ನಷ್ಟು ಕುಂದಿತ್ತು. ಮೂರು ವಾರ ಕೇಳಿಸಿದವು ಪೂರ್ತಿ ಚೇತರಿಸಿಕೊಳ್ಳಲು ಎರಡು ವಾರ ಹಿಡಿಯಿತು. ಮನುಷ್ಯರಿಗಿಲ್ಲದ ಅನುಕೂಲ ಮೀನಿಗಿದೆ: ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ.

ಒಗ್ಗಲು ಕಷ್ಟವಾದದ್ದು ಜೋರು ಸದ್ದಲ್ಲ, ಬಂದು ಹೋಗುವ ಸದ್ದು. ಯೂರೋಪಿನ ಸಿಹಿನೀರಿನ ಗೆಂಡೆ, ಗಜನ್, ಪರ್ಚ್ ಮೂರಕ್ಕೂ ಹಡಗಿನ ಏರಿಳಿತದ ಸದ್ದು ಕೇಳಿಸಿದಾಗ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿತು. ಹೆಚ್ಚುಕಡಿಮೆ ಅಷ್ಟೇ ಮಟ್ಟದ ಒಂದೇ ಸಮನೆಯ ಸದ್ದಿಗೆ ಏರಲಿಲ್ಲ. ಕಿವಿ ಮಂದವಿರುವ ಪರ್ಚ್‌ಗೂ ಚುರುಕಾದ ಗೆಂಡೆಗೂ ಪರಿಣಾಮ ಒಂದೇ ತೆರನಾಗಿತ್ತು. ಕ್ಯಾಲಿಫೋರ್ನಿಯಾದ ಕೆಲ್ಪ್ ಮೀನಿನಲ್ಲೂ 2015ರಲ್ಲಿ ಇದನ್ನೇ ಕಂಡರು. ಆದ್ದರಿಂದ ಹತ್ತು ದೋಣಿಗಳು ದಿನವಿಡೀ ಬಿಡಿಬಿಡಿಯಾಗಿ ಹಾಯುವುದಕ್ಕಿಂತ ಹೊತ್ತು ಗೊತ್ತುಮಾಡಿ ಒಟ್ಟಿಗೆ ಹೋಗಿ ಒಟ್ಟಿಗೆ ಮರಳುವುದು ಮೀನಿಗೆ ಹಿತವಾಗಬಹುದು. ನೇತ್ರಾಣಿಯ ಬಗ್ಗೆ ಕೇಳಿದವರು ತಮ್ಮ ದೋಣಿಯವರ ಜೊತೆ ಇದನ್ನೂ ಮಾತಾಡಬಹುದು.